ಕೊಂಡಿ ಜಾರಿದ ಮಂಚ

ಕಾರ್ಖಾನೆಯಲ್ಲಿ ಆಸ್ಪತ್ರೆ ಮಂಚವೊಂದರ ಪಕ್ಕದ ಕಂಬಿ ಫಟ್ಟನೆ ಕೆಳಗಿಳಿಯಿತು. ಮಂಚದ ಮೇಲೆ ಮಗ್ಗುಲಾಗಿದ್ದವಳು ಉರುಳಿ ಬಿದ್ದದ್ದು ಸೀದಾ ಹೊಸ ಮ್ಯಾನೇಜರ್ ಕಾಲ ಬುಡಕ್ಕೆ!

"ಕೆಲಸದ ಹೊತ್ತಲ್ಲಿ ನಿದ್ದೆನಾ?"

"ನಿದ್ದೆ ಅಲ್ಲ ಸಾರ್, ತಪಾಸಣೆ! ಖಾಲಿ ಮಂಚ ಅಲ್ಲಾಡಿಸಿದ್ರೆ ಏನು ಗೊತ್ತಾಗುತ್ತೆ? ರೋಗಿ ಕಂಬಿಗೆ ಒರಗಿ ಮಗ್ಗುಲು ಬದಲಾಯಿಸಿದ್ರೆ ಈ ಕೊಂಡಿ ಜಾರುತ್ತೆ."

ಅವನು ಕೈಕೊಟ್ಟು ಎಬ್ಬಿಸಿದ. ಎದ್ದ ಮೇಲೆ ಆ ಕೈ ಬಿಡುವುದು ಇಬ್ಬರಿಗೂ ಮರೆತೇಹೋಯಿತು... ಮೊಣಕೈ ತರಚಿದ್ದು ಅವಳಿಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ.

ಆ ಕಾರ್ಖಾನೆಯಲ್ಲಿ ಅವಳ ಮುದ್ರೆ ಬೀಳದೆ ಯಾವ ಮಂಚವನ್ನೂ ಮಾರುವಂತಿರಲಿಲ್ಲ. ಎಲ್ಲ ಮಂಚಕ್ಕೂ ಅದೇ ಕೊಂಡಿ ಇದ್ದದ್ದರಿಂದ ಅವಳು ಒತ್ತಿರಲಿಲ್ಲ. ಶುಕ್ರವಾರ ಆಸ್ಪತ್ರೆಗೆ ಮಂಚ ತಲುಪದಿದ್ದರೆ ಆರ್ಡರ್ ಕೈತಪ್ಪುತ್ತಿತ್ತು. ಆಮೇಲೆ ಕಾರ್ಖಾನೆಗೆ ಬೀಗ, ಅರವತ್ತು ಜನ ಬೀದಿಗೆ. ಅವರಲ್ಲಿ ವೆಲ್ಡಿಂಗ್ ಮಾಡುವ ಅವಳ ಸ್ವಂತ ಅಣ್ಣನೂ ಒಬ್ಬ.

"ಎಲ್ಲರ ಹೊಟ್ಟೆ ಮೇಲೆ ಹೊಡೀಬೇಡ ಕಣೇ," ಅಣ್ಣ ಕೈಮುಗಿದ. "ಒತ್ತಿಬಿಡು. ಯಾರು ಬಗ್ಗಿ ನೋಡ್ತಾರೆ?"

ತಂಗಿಯ ಮುಂದೆ ಎಂದೂ ತಲೆ ತಗ್ಗಿಸದ ಅಣ್ಣ! 'ಆದ್ರೆ ಕೂಗೋಕೂ ಆಗದ ರೋಗಿ ಒಬ್ಬ ಬಿದ್ರೆ...?'

ಗುರುವಾರ ಮ್ಯಾನೇಜರ್ ಅವಳ ಮೇಜಿನ ಮುಂದೆ ಬಂದು ನಿಂತ. ಮುಖ ಗಂಟಿಕ್ಕಿತ್ತು.

"ಮುದ್ರೆ ಕೊಡಿ. ನಾಳೆ ಕೆಲಸಕ್ಕೆ ಬರಬೇಡಿ."

'ಇವನೂ ಅಷ್ಟೇನಾ? ನನ್ನ ಹೆಸರಲ್ಲೇ ಮೋಸ ಮಾಡ್ತಾನಾ?' ಅವಳು ಮುದ್ರೆಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದಳು.

ಶುಕ್ರವಾರ ಬೆಳಿಗ್ಗೆ ಅಣ್ಣನ ಫೋನು. "ಲಾರಿ ಹೊರಡ್ತು ಕಣೇ! ಮ್ಯಾನೇಜರೇ ಓಡಿಸ್ಕೊಂಡು ಹೋದ್ರು!"

ಅವಳು ಬಿದ್ದಂಬೀಳ ಓಡಿದಳು. ಆಸ್ಪತ್ರೆಯ ಗೋದಾಮಿನ ಮುಂದೆ ಲಾರಿ ನಿಂತಿತ್ತು. ಗೋದಾಮಿನೊಳಗೆ ಇಳಿಸಿದ್ದು ಒಂದೇ ಮಂಚ. ಅದರ ಮೇಲೆ ಮುದ್ರೆಯೇ ಇಲ್ಲ!

"ಮೇಡಂ, ಈ ಕೊಂಡಿ ಜಾರುತ್ತೆ," ಅವನು ಖರೀದಿ ಅಧಿಕಾರಿಗೆ ತೋರಿಸುತ್ತಿದ್ದ. "ಉಳಿದ ಮಂಚ ತಂದಿಲ್ಲ, ತರೋದೂ ಇಲ್ಲ. ಸರಿಮಾಡೋಕೆ ಇಪ್ಪತ್ತು ದಿನ ಬೇಕು."

"ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

"ಒಬ್ರು ಬಿದ್ದ ಮೇಲೆ ಗೊತ್ತಾಗ್ತಿತ್ತು."

ಆಕೆ ಕಂಬಿಗೆ ಒರಗಿದ್ದೇ ಕೊಂಡಿ ಜಾರಿತು. ಬಾಗಿಲಲ್ಲಿ ನಿಂತವಳು ಕಿವಿಗೊಟ್ಟಳು.

"ತನ್ನ ಮಾಲಿನ ದೋಷ ತಾನೇ ಹೇಳ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು. ಕಾಯ್ತೀನಿ. ಹೊಸ ವಾರ್ಡಿನ ಮಂಚಗಳೂ ನಿಮ್ಮ ಕಾರ್ಖಾನೆಯಿಂದಲೇ ಬರ್ಲಿ."

ಕಾರ್ಖಾನೆ ಉಳಿಯಿತು! ಆದರೆ ಹೊರಗೆ ಬಂದ ಅವನ ಮುಖದಲ್ಲಿ ಕಳೆಯೇ ಇರಲಿಲ್ಲ.

"ಮಾಲೀಕರಿಗೆ ದಾರಿಯಲ್ಲೇ ಫೋನ್ ಮಾಡಿ ಹೇಳ್ದೆ. ನನ್ನನ್ನ ತೆಗೆದುಹಾಕಿದ್ರು."

"ನನ್ನ ಮುದ್ರೆ ಯಾಕೆ ಕಿತ್ಕೊಂಡ್ರಿ?"

"ನಿಮ್ಮ ಕೈಲಿದ್ದಿದ್ರೆ ಮಾಲೀಕರು ಒತ್ತು ಅಂತ ಪೀಡಿಸ್ತಿದ್ರು. ನೀವು ಒಲ್ಲೆ ಅಂತಿದ್ರಿ. ಅವರ ಸಿಟ್ಟಿಗೆ ನೀವೂ ಕೆಲಸ ಕಳ್ಕೊತಿದ್ರಿ, ನಿಮ್ಮಣ್ಣನೂ ಕಳ್ಕೊತಿದ್ರು... ಅದು ನನಗೊಬ್ಬನಿಗೇ ಆಗ್ಲಿ ಅಂತ."

ಅವಳಿಗೆ ದುಃಖ ಒತ್ತರಿಸಿ ಬಂತು. "ಒಂದು ಮಾತು ಹೇಳ್ಬಾರ್ದಿತ್ತಾ? ನಿನ್ನೆಯಿಂದ ನಿಮ್ಮನ್ನ ಬಾಯಿಗೆ ಬಂದಂಗೆ ಬೈದಿದ್ದೀನಿ!"

"ಅಷ್ಟೊಂದು ಸಿಟ್ಟು ಬಂತಾ?"

"ನಿಮ್ಮನ್ನ ಎಷ್ಟು ಪ್ರೀತಿಸ್ತೀನೋ ಅಷ್ಟೂ ಬಂತು!"

ಬಾಯಿ ಜಾರಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

"ಈಗ ನನಗೆ ಕೆಲಸಾನೂ ಇಲ್ವಲ್ಲ..." ಅವನು ಅಂದ. "ನಿಮ್ಮಣ್ಣನ ಹತ್ರ ಯಾವ ಮುಖ ಇಟ್ಕೊಂಡು ಹೆಣ್ಣು ಕೇಳ್ಲಿ?"

"ಅಣ್ಣನ ಹತ್ರ ನಾನು ಮಾತಾಡ್ತೀನಿ," ಅವಳು ಅವನ ಕೈ ಹಿಡಿದಳು. "ನೀವು ಪಕ್ಕದಲ್ಲಿ ನಿಂತಿರಿ, ಸಾಕು."