ಹಸಿರು ಬರೋ ತನಕ

“ಒತ್ತಿದೆ ಅಮ್ಮ. ಏನೂ ಬರ್ತಿಲ್ಲ.”

“ಇನ್ನೂ ಗಟ್ಟಿಯಾಗಿ ಒತ್ತೇ.”

“ಬೆರಳೇ ಒಳಗೆ ಹೋಗೋ ಹಾಗೆ ಒತ್ತಿದೀನಿ.”

ಇರುವೆ ಬ್ಯಾಟರಿಯನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ಳು. ಇರುವೆ ಅಂದ್ರೆ ಹುಡುಗಿ, ಐದನೇ ಕ್ಲಾಸು. ಯಾವ ಡಬ್ಬಿ ಮುಚ್ಚಿಟ್ರೂ ಒಳಗೇನಿದೆ ಅಂತ ಹುಡುಕ್ಕೊಂಡು ಬರ್ತಾಳೆ ಅಂತ ಅಮ್ಮ ಹಾಗೆ ಕರೀತಾ ಇದ್ಳು. ಈಗ ಸ್ಕೂಲಲ್ಲೂ ಅದೇ ಹೆಸರು.

ಬ್ಯಾಟರಿ ಅಮ್ಮನ ಎಲೆಕ್ಟ್ರಿಕ್ ಸೈಕಲ್ಲಿಂದು. ಇಟ್ಟಿಗೆಗಿಂತ ಉದ್ದ, ಇಟ್ಟಿಗೆಗಿಂತ ಭಾರ. ಬಟನ್ ಒತ್ತಿದ್ರೆ ಮೇಲ್ಗಡೆ ನಾಲ್ಕು ಪುಟಾಣಿ ಲೈಟ್ ಬರಬೇಕು. ಒಂದೂ ಬರ್ಲಿಲ್ಲ.

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಏಳು ತಿಂಗಳು. ಅಷ್ಟು ದಿನವೂ ಸೈಕಲ್ ಮೆಟ್ಟಿಲ ಕೆಳಗೆ, ಬ್ಯಾಟರಿ ಬೀರು ಪಕ್ಕ. ಸೋಮವಾರದಿಂದ ಅಮ್ಮ ಮತ್ತೆ ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗ್ಬೇಕು. ಸೈಕಲ್ ಓಡಿದ್ರೆ ಇರುವೆಯನ್ನ ದಾರೀಲಿ ಸ್ಕೂಲಿಗೆ ಬಿಟ್ಟು ಇಬ್ರೂ ಒಟ್ಟಿಗೆ ಹೋಗ್ಬಹುದು. ಓಡದಿದ್ರೆ ಅಮ್ಮ ಬೆಳಿಗ್ಗೆ ಆರರ ಬಸ್ಸಿಗೆ ಹೊರಡ್ಬೇಕು. ಆ ಬಸ್ಸಲ್ಲಿ ಸೀಟ್ ಸಿಗೋದಿಲ್ಲ, ಅಮ್ಮನಿಗೆ ಅಷ್ಟು ಹೊತ್ತು ನಿಲ್ಲೋಕಾಗೋದಿಲ್ಲ. ಇರುವೆ ಏಳೋ ಹೊತ್ತಿಗೆ ಮನೆಯೂ ಖಾಲಿ.

“ಇದೇನು ಹೀಗಾಯ್ತು? ನೀನು ತಿಂಗಳು ತಿಂಗಳೂ ಚಾರ್ಜ್ ಹಾಕಿದೀಯಲ್ಲ,” ಅಂದ್ಳು ಅಮ್ಮ.

ಹಾಕಿದ್ಳು. ಅಮ್ಮನಿಗೆ ಬಗ್ಗೋಕಾಗಲ್ಲ ಅಂತ ಅದು ಇರುವೆಯ ಡ್ಯೂಟಿ. ಕ್ಯಾಲೆಂಡರ್‌ನಲ್ಲಿ ಪ್ರತಿ ಒಂದನೇ ತಾರೀಖಿಗೂ ದಪ್ಪಗೆ ಟಿಕ್ ಇತ್ತು.

ಶನಿವಾರ ಮಧ್ಯಾಹ್ನ ಇಬ್ರೂ ಬ್ಯಾಟರಿ, ಚಾರ್ಜರ್ ಚೀಲಕ್ಕೆ ಹಾಕ್ಕೊಂಡು ಸ್ಪ್ಯಾನರ್ ಅತ್ತೆ ಅಂಗಡಿಗೆ ಹೋದ್ರು. ಅತ್ತೆ ಸೈಕಲ್ ರಿಪೇರಿ ಮಾಡ್ತಾರೆ. ಟೀ ಕುಡಿಯುವಾಗ್ಲೂ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಇರುತ್ತೆ.

ಅತ್ತೆ ಬ್ಯಾಟರಿಯನ್ನ ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದ್ರು.

“ಏನ್ ನೋಡ್ತೀರ ಅತ್ತೆ?”

“ಹೊಟ್ಟೆ ಊದಿದ್ಯಾ ಅಂತ. ಊದಿದ್ರೆ ಹೀಗೆ ಸಪಾಟಾಗಿ ಕೂರಲ್ಲ. ಈಗ ಮೂಸು.”

ಇರುವೆ ಮೂಸಿದ್ಳು. “ನಮ್ಮ ಬೀರು ವಾಸನೆ.”

“ಒಳ್ಳೇದೇ. ಸೋರಿದ್ರೆ ಘಾಟು ಬರ್ತಿತ್ತು.” ಅತ್ತೆ ಮೀಟರಿನ ಎರಡು ಕಡ್ಡಿಗಳನ್ನ ಹೊರಗಿನ ಪಿನ್ನಿಗೆ ಇಟ್ರು. ಸೊನ್ನೆ.

ಅಮ್ಮ ಸ್ಟೂಲ್ ಎಳ್ಕೊಂಡು ಕೂತ್ಬಿಟ್ಳು. “ಆಯ್ತು ಬಿಡಿ.”

“ತಡ್ಕೊಳಿ ತಾಯಿ. ಒಳಗೊಬ್ಬ ಕಾವಲುಗಾರ ಇರ್ತಾನೆ, ಚಿಕ್ಕ ಬೋರ್ಡು. ಚಾರ್ಜ್ ತೀರಾ ಇಳಿದ್ರೆ ಬಾಗಿಲು ಹಾಕ್ಕೊಂಡ್ಬಿಡ್ತಾನೆ, ಹೊರಗೆ ಸೊನ್ನೆ ಕಾಣುತ್ತೆ. ಒಳಗೇ ಹೋಗಿ ಕೇಳೋಣ.” ಅತ್ತೆ ಸ್ಕ್ರೂ ಬಿಚ್ಚತೊಡಗಿದ್ರು.

“ನಾನು ಮುಟ್ಲಾ?”

“ಕೈ ಹಿಂದಕ್ಕೆ ಕಟ್ಕೊ. ಕಣ್ಣಿಗೆ ಮಾತ್ರ ಫ್ರೀ.”

ಮುಚ್ಚಳ ತೆಗೆದ್ರೆ ಒಳಗೆ ದಪ್ಪ ಟಾರ್ಚ್ ಸೆಲ್ ಥರದವು ಸಾಲು ಸಾಲಾಗಿ ಕೂತಿದ್ವು. ಪ್ರಾರ್ಥನೆಗೆ ನಿಂತ ಒಂದನೇ ಕ್ಲಾಸಿನ ಮಕ್ಕಳ ಹಾಗೆ.

“ಇಪ್ಪತ್ತೈದು ವೋಲ್ಟಿಗಿಂತ ಕಮ್ಮಿ ಬಂದ್ರೆ ನಾನು ಚಾರ್ಜ್ ಹಾಕಲ್ಲ,” ಅಂದ್ರು ಅತ್ತೆ. “ಬೆಂಕಿ ಹತ್ಕೊಳ್ಳೋ ಭಯ. ಹಳೇ ಬ್ಯಾಟರಿ ತಗೊಳ್ಳೋರಿಗೆ ಕೊಟ್ಬಿಡೋದು.”

ಮೀಟರಿನ ಕಡ್ಡಿಗಳನ್ನ ಒಳಗಿನ ಸೆಲ್ ಸಾಲಿಗೆ ಇಟ್ಟಾಗ ಅಂಕಿ ಕುಣೀತು. ಇಪ್ಪತ್ತೇಳು ಪಾಯಿಂಟ್ ನಾಲ್ಕು.

“ಅಬ್ಬಾ, ಅರೆಜೀವ ಇದೆ. ಆದ್ರೆ ಇದು ತಿಂಗಳಿಗೊಂದ್ಸಲ ಚಾರ್ಜ್ ಕಂಡ ಬ್ಯಾಟರಿ ಅಲ್ಲವೇ ಅಲ್ಲ.”

“ಹಾಗಾದ್ರೆ ಚಾರ್ಜರೇ ಕೆಟ್ಟಿರ್ಬೇಕು,” ಅಂದ್ಳು ಅಮ್ಮ.

“ನೋಡೇಬಿಡೋಣ.” ಅತ್ತೆ ಅದೇ ಥರದ ಇನ್ನೊಂದು ಬ್ಯಾಟರಿ ತಂದು ಚಾರ್ಜರ್ ಚುಚ್ಚಿದ್ರು. ಚಾರ್ಜರ್ ಮೇಲೆ ಕೆಂಪು ಲೈಟ್ ಬಂತು.

ಇರುವೆಯ ಕೈ ತಾನಾಗೇ ಮುಂದೆ ಹೋಯ್ತು. ಪಟ್ ಅಂತ ಪಿನ್ ಕಿತ್ತೇಬಿಟ್ಳು.

“ಏಯ್, ಯಾಕೆ ಕಿತ್ತೆ?”

“ಕೆಂಪು ಬಂತಲ್ಲ ಅತ್ತೆ. ಡೇಂಜರ್.”

ಅತ್ತೆ ಸ್ಪ್ಯಾನರ್ ಮೇಜಿನ ಮೇಲಿಟ್ರು.

“ಮನೇಲೂ ಹೀಗೇ ಮಾಡ್ತಿದ್ಯಾ ಮಗಳೇ?” ಅಂತ ಅತ್ತೆ ಮೆಲ್ಲಗೆ ಕೇಳಿದ್ರು.

“ಹೂಂ. ಕೆಂಪು ಬಂದ್ರೆ ಕೀಳ್ತಿದ್ದೆ. ಆಮೇಲೆ ಮತ್ತೆ ಚುಚ್ಚಿ, ಹಸಿರು ಬರೋ ತನಕ ಪಿನ್ನನ್ನ ಅಲ್ಲಾಡಿಸಿ ಅಲ್ಲಾಡಿಸಿ ಸಡಿಲ ಮಾಡ್ತಿದ್ದೆ. ಹಸಿರು ಬಂದ್ಮೇಲೆ ರಾತ್ರಿಯೆಲ್ಲ ಹಾಗೇ…” ಹೇಳ್ತಾ ಹೇಳ್ತಾ ಅವಳ ದನಿ ಇಳೀತು.

ಅತ್ತೆ ನಗು ತಡ್ಕೊಳ್ಳೋಕೆ ನೋಡಿದ್ರು, ಆಗ್ಲಿಲ್ಲ. “ಅಯ್ಯೋ ಇರುವೇ. ಕೆಂಪು ಅಂದ್ರೆ ಊಟ ಮಾಡ್ತಿದೆ ಅಂತ. ಹಸಿರು ಅಂದ್ರೆ ಊಟ ಆಯ್ತು ಅಂತ, ಇಲ್ಲಾ ಊಟಕ್ಕೆ ಯಾರೂ ಬಂದೇ ಇಲ್ಲ ಅಂತ.”

ಏಳು ಟಿಕ್. ಏಳು ಸಲ ಬ್ಯಾಟರಿಯನ್ನ ತಟ್ಟೆ ಮುಂದಿನಿಂದ ಎಬ್ಬಿಸಿ ಕಳಿಸಿದೀನಿ. ಇರುವೆಗೆ ಕಿವಿ ಬಿಸಿಯಾಯ್ತು. ಅಮ್ಮನ ಕಡೆ ನೋಡೋಕೇ ಆಗ್ಲಿಲ್ಲ.

“ಚಾರ್ಜ್ ಹಾಕು ಅಂತ ಮಾತ್ರ ಅಂದೆ,” ಅಂದ್ಳು ಅಮ್ಮ, ಮಂಡಿ ಒತ್ಕೋತಾ. “ಯಾವ ಲೈಟು ಏನು ಅಂತ ನಾನೂ ಹೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಪ್ರಪಂಚದ್ದೆಲ್ಲ ಕೇಳ್ತೀಯ.”

ಅತ್ತೆ ಅಮ್ಮನ ಬ್ಯಾಟರಿಗೆ ಮುಚ್ಚಳ ಹಾಕಿ, ಅಂಗಡಿ ಹೊರಗಿನ ಸಿಮೆಂಟ್ ಕಟ್ಟೆ ಮೇಲಿಟ್ಟು, ತಮ್ಮ ನಿಧಾನದ ಚಾರ್ಜರ್ ಹಾಕಿದ್ರು. ಹತ್ತು ನಿಮಿಷಕ್ಕೊಮ್ಮೆ ಬಿಸಿಯಾಗಿದ್ಯಾ ಅಂತ ನೋಡೋ ಕೆಲಸ ಇರುವೆಗೆ. ಅಂಗೈಯಲ್ಲಲ್ಲ, ಜ್ವರ ನೋಡೋ ಹಾಗೆ ಕೈಯ ಹಿಂಭಾಗದಲ್ಲಿ. ಕೆಂಪು ಉರೀತಾನೇ ಇತ್ತು. ಅವಳು ಸಂಜೆವರೆಗೂ ಕಟ್ಟೆ ಬಿಟ್ಟು ಏಳ್ಲಿಲ್ಲ.

ಬಟನ್ ಒತ್ತಿದಾಗ ಮೂರು ಲೈಟ್ ಬಂತು.

“ಓಡುತ್ತೆ,” ಅಂದ್ರು ಅತ್ತೆ. “ಆದ್ರೆ ಮೊದಲಿನಷ್ಟು ಓಡಲ್ಲ. ಹಸಿದು ಹಸಿದು ಸೊರಗಿದೆ. ವಾಪಸ್ ಬರುವಾಗ ನಿಮ್ಮ ಮನೆ ದಾರಿಯ ದಿಬ್ಬಕ್ಕೆ ನಾನು ಗ್ಯಾರಂಟಿ ಕೊಡಲ್ಲ.”

ಸೋಮವಾರ ಬೆಳಿಗ್ಗೆ ಸೈಕಲ್ ಸುಂಯ್ ಅಂತ ಹೋಯ್ತು. ಇರುವೆ ಹಿಂದಿನ ಸೀಟಲ್ಲಿ ಕಾಲು ಬೀಸ್ಕೊಂಡು ಕೂತಿದ್ಳು.

ಸಂಜೆ ದಿಬ್ಬದ ಅರ್ಧಕ್ಕೆ ಮೋಟರ್ ದನಿ ಸಣ್ಣಗಾಯ್ತು. ಒಂದೇ ಲೈಟ್, ಅದೂ ಮಿಣಕ್ ಮಿಣಕ್. ಅಮ್ಮ ಪೆಡಲ್ ತುಳಿದ್ಳು. ಎರಡನೇ ತುಳಿತಕ್ಕೆ ಅವಳ ಬೆನ್ನು ಸೆಟೆದಿದ್ದು ಇರುವೆಯ ಕೈಗೆ ಗೊತ್ತಾಯ್ತು.

ಇರುವೆ ಸೀಟಿಂದ ಜಾರಿ ಕೆಳಗೆ ಇಳಿದ್ಳು.

“ಬಿದ್ಯಾ?” ಅಮ್ಮ ಗಾಬರಿಯಾಗಿ ತಿರುಗಿದ್ಳು.

“ಇಲ್ಲಮ್ಮ, ಇಳಿದೆ. ಒಬ್ಬರನ್ನಾದ್ರೆ ಅದು ಎಳೆಯುತ್ತೆ. ನೀನು ತುಳಿಬೇಡ, ಹೋಗ್ತಿರು.”

ಮೋಟರ್ ಮತ್ತೆ ಸುಂಯ್ ಅಂತು. ಅಮ್ಮನ ಕಾಲುಗಳು ಪೆಡಲ್ ಮೇಲೆ ಸುಮ್ನೆ ಕೂತಿದ್ವು. ಸೈಕಲ್ ಮೆಲ್ಲಗೆ ದಿಬ್ಬ ಹತ್ತಿತು. ಇರುವೆ ಬ್ಯಾಗ್ ಸರಿ ಮಾಡ್ಕೊಂಡು ಹಿಂದೆ ಹಿಂದೆ ನಡೆದ್ಳು. ನಾಳೆ ದಿಬ್ಬ ಶುರುವಾಗೋ ಕಡೆ ಇರೋ ಹೊಲಿಗೆ ಅಂಗಡಿ ಮುಂದೇನೇ ಇಳ್ಕೋಬೇಕು ಅಂದ್ಕೊಂಡ್ಳು.