ಕರಡಿಯ ಉದ್ದ ಕಾಲು

"ಸಮ್ಮು, ಆ ಹಳದಿ ಟೇಪ್ ದಾಟ್ಬೇಡ ಕಣೇ," ಎಂದು ಅಮ್ಮ ಎರಡನೇ ಸಲ ಹೇಳಿದಳು.

ಬನಶಂಕರಿಯ ಆ ಸ್ಟುಡಿಯೋದಲ್ಲಿ ಕಾಡೂ ಇರಲಿಲ್ಲ, ಕರಡಿಯೂ ಇರಲಿಲ್ಲ. ಬರಿಯ ನೆಲ, ಸುತ್ತಲೂ ಗೋಡೆಯ ಮೇಲೆ ಕ್ಯಾಮೆರಾಗಳು. ನಡುವೆ ಸಮನ್ವಿತಾಳ ಅಮ್ಮ ಮಧುಶ್ರೀ. ಮೈಗಂಟಿದ ಕಪ್ಪು ಬಟ್ಟೆಯ ತುಂಬ ಹೊಳೆಯುವ ಪುಟ್ಟ ಗುಂಡುಗಳು, ಮುಖದ ತುಂಬ ಚುಕ್ಕಿಗಳು. ಆ ಹೊಳೆಯುವ ಗುಂಡುಗಳನ್ನು ಕ್ಯಾಮೆರಾಗಳು ಹಿಂಬಾಲಿಸುತ್ತಿದ್ದವು; ಅಮ್ಮ ಹೇಗೆ ಅಲ್ಲಾಡಿದರೆ ಹಾಗೆ, ದೊಡ್ಡ ಪರದೆಯ ಕಾಡಿನಲ್ಲಿ ಒಂದು ತಾಯಿ ಕರಡಿ ಅಲ್ಲಾಡುತ್ತಿತ್ತು.

ಸಮನ್ವಿತಾಗೆ ಬೇಕಿದ್ದದ್ದು ಒಂದು ಫೋಟೋ. ತನ್ನಮ್ಮ ಸಿನಿಮಾದ ಹೀರೋಯಿನ್ ಎಂದು ಅವಳು ಕ್ಲಾಸಿನಲ್ಲಿ ಹೇಳಿಕೊಂಡಿದ್ದಳು. ಟೀಸರ್ ನೋಡಿದ ಶ್ವೇತ ಎಲ್ಲರೆದುರೂ, "ನಿಮ್ಮಮ್ಮ ಎಲ್ಲೇ? ಬರೀ ಕರಡಿ ಇದೆ. ಬಿಲ್ಡಪ್ ಕೊಡ್ಬೇಡ," ಎಂದಿದ್ದಳು. ಅಂದಿನಿಂದ ಕ್ಲಾಸಿನಲ್ಲಿ ಸಮನ್ವಿತಾಳ ಹೆಸರೇ ಬಿಲ್ಡಪ್. ಸೋಮವಾರ ಅಮ್ಮನ ಫೋಟೋ ತೋರಿಸದಿದ್ದರೆ ಆ ಹೆಸರು ಹೋಗುವಂತಿರಲಿಲ್ಲ.

ಟೇಕ್ ಶುರುವಾಯಿತು. ನಿರ್ದೇಶಕ ಶಶಿಧರ್ ಕೈಯಲ್ಲಿದ್ದ ಪುಟ್ಟ ಪರದೆಯನ್ನೇ ಕ್ಯಾಮೆರಾದಂತೆ ಹಿಡಿದು ಸುತ್ತ ನಡೆದರು. ಅಮ್ಮ ಅಳುತ್ತಾ ನೆಲದ ಮೇಲಿದ್ದ ದಿಂಬಿನತ್ತ ತೆವಳಿದಳು. ಪರದೆಯಲ್ಲಿ ಅದು ಜ್ವರದಿಂದ ಮಲಗಿದ ಮರಿ. ಅಮ್ಮನ ಮುಖ ಈ ಕಡೆ ತಿರುಗಿದ್ದೇ, ಸಮನ್ವಿತಾ ಫೋನ್ ಹಿಡಿದು ಟೇಪ್ ದಾಟಿದಳು.

ಕರಡಿಯ ಹಿಂಗಾಲು ರಬ್ಬರಿನಂತೆ ಎಳೆದುಕೊಂಡು ಉದ್ದವಾಯಿತು.

"ಕಟ್," ಎಂದರು ಶಶಿಧರ್. ಬಂದು ಬಗ್ಗಿ ಅವಳ ಶೂ ನೋಡಿದರು. ಹಿಮ್ಮಡಿಯಲ್ಲಿ ಬೆಳಕಿಗೆ ಮಿಂಚುವ ಪಟ್ಟಿ ಇತ್ತು. "ಕ್ಯಾಮೆರಾ ಇದನ್ನೂ ಕರಡಿ ಕಾಲು ಅನ್ಕೊಂಡ್ಬಿಡ್ತು ಪುಟ್ಟಾ," ಎಂದು ಅದರ ಮೇಲೆ ಕಪ್ಪು ಟೇಪ್ ಅಂಟಿಸಿದರು.

ಅವರು ಬೈಯಲಿಲ್ಲ. ಅಮ್ಮನೂ ಬೈಯಲಿಲ್ಲ. ಚುಕ್ಕಿ ಅಳಿಸದಂತೆ ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ ಅಳಲು ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಸಮನ್ವಿತಾಗೆ.

ಈ ಸಲ ಅವಳು ದೊಡ್ಡ ಪರದೆಯ ಮುಂದೆ ಅಲ್ಲಾಡದೆ ಕೂತಳು. ಮರಿಯನ್ನು ಮುಟ್ಟುವ ಮುಂಚೆ ಕರಡಿ ತನ್ನ ಅಂಗೈಯನ್ನು ಹೊಟ್ಟೆಗೆ ಎರಡು ಸಲ ಒರೆಸಿಕೊಂಡಿತು. ಆಮೇಲೆ ಕೈಯ ಹಿಂಬದಿಯನ್ನು ಮರಿಯ ಹಣೆಗಿಟ್ಟು ನೋಡಿತು.

ಕಾಡಿನ ಕರಡಿಗೆ ಒದ್ದೆ ಕೈ ಯಾಕೆ? ಹೋದ ತಿಂಗಳು ತನಗೆ ಜ್ವರ ಬಂದಾಗ ಅಮ್ಮ ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದು, ನೈಟಿಗೆ ಕೈ ಒರೆಸಿಕೊಂಡು ಹೀಗೇ ಮುಟ್ಟಿದ್ದಳು.

ಟೇಕ್ ಓಕೆ ಆಯಿತು. "ಈಗ ತಗೋ ಫೋಟೋ. ಅಮ್ಮ ಅಲ್ಲೇ ನಿಂತಿದಾರೆ," ಎಂದರು ಶಶಿಧರ್.

ಸಮನ್ವಿತಾ ಫೋನನ್ನು ಪರದೆಯ ಕಡೆ ತಿರುಗಿಸಿದಳು.

"ಅಂಕಲ್, ಹಣೆ ಮೇಲೆ ಕೈ ಇಡೋದು ಇನ್ನೊಂದ್ಸಲ ಹಾಕ್ತೀರಾ?"