ಡ್ಯೂಟಿ ಇಲ್ಲದ ಗುಲಾಬಿ

ಆ ಮನುಷ್ಯ ತನ್ನ ತಲೆಯನ್ನೇ ನೋಡುತ್ತಿದ್ದಾನೆ ಎಂದು ಯಶೋದಾಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಣ್ಣುಮಕ್ಕಳಿಗೆ ಬೆನ್ನಿನಲ್ಲೂ ಒಂದು ಜೊತೆ ಕಣ್ಣಿರುತ್ತದೆ.

ಅವಳು ಟೇಸ್ಟಿಂಗ್ ರೂಮಿನಲ್ಲಿ ಗಾಜಿನ ಲೋಟಗಳನ್ನು ಒರೆಸಿಡುತ್ತಿದ್ದಳು. ಗುಡ್ಡದ ಮೇಲಿನ ಈ ವೈನರಿಗೆ ಕೆಲಸಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಮಂಜು ಕಿಟಕಿಯವರೆಗೂ ಬಂದು ನಿಂತಿತ್ತು. ಬಾಗಿಲಲ್ಲಿ ನಿಂತವನ ಜರ್ಕಿನ್ ತುಂಬ ಇಬ್ಬನಿ. ದ್ರಾಕ್ಷಿ ತೋಟದ ಸೂಪರ್‌ವೈಸರ್ ಸಿದ್ದೇಶ್ ಎಂದು ಯಾರೋ ದೂರದಿಂದ ತೋರಿಸಿದ್ದರು. ಒಳ್ಳೆಯವನು, ಮಾತು ಕಡಿಮೆ ಎಂದಿದ್ದರು. ಹೀಗೆ ನೋಡುವವನೆಂದು ಯಾರೂ ಹೇಳಿರಲಿಲ್ಲ.

ಅವನು ಒಂದು ಹೆಜ್ಜೆ ಹತ್ತಿರ ಬಂದ. ಕತ್ತು ಓರೆ ಮಾಡಿ ಮತ್ತೆ ನೋಡಿದ.

"ಏನ್ರೀ ಅದು, ಹಂಗ್ ನೋಡೋದು?" ಎಂದಳು ಯಶೋದಾ.

"ಯಾವ ಸಾಲಿಂದು?"

"ಏನು?"

"ಹೂವು ಕಣ್ರೀ. ಯಾವ ಸಾಲಿನ ತುದೀಲಿ ಕಿತ್ರಿ?"

ಅವಳ ಕೈ ತಾನಾಗಿ ಮುಡಿಗೆ ಹೋಯಿತು. ಬೆಳಿಗ್ಗೆ ವ್ಯಾನಿಳಿದು ಬರುವಾಗ ಮೂಲೆಯ ಸಾಲಿನ ತುದಿಯಲ್ಲಿ ಕಿತ್ತ ಕೆಂಪು ಗುಲಾಬಿ. ಅವನು ಕೈ ಚಾಚಿದ. ಅವಳು ತೆಗೆದುಕೊಟ್ಟಳು. ಅವನು ಹೂವನ್ನು ತಲೆಕೆಳಗು ಮಾಡಿ ಅದರ ಹಸಿರು ಕತ್ತನ್ನು ತೋರಿಸಿದ. ಅಲ್ಲಿ ವಿಭೂತಿ ಸವರಿದ ಹಾಗೆ ತೆಳ್ಳಗೆ ಬಿಳಿ ಪುಡಿ.

"ಬೂದಿ ರೋಗ" ಎಂದವನೇ ಹೂವನ್ನೂ ಹಿಡಿದುಕೊಂಡು ಓಡಿದ.

ಮಧ್ಯಾಹ್ನ ಊಟದ ಹೊತ್ತಿಗೆ ಬಳ್ಳಿಗಳಿಗೆ ಗಂಧಕ ಹೊಡೆಸಿ, ಮೈತುಂಬ ಅದರ ವಾಸನೆ ಹೊತ್ತು ವಾಪಸ್ ಬಂದ.

"ಸಾಲಿಗೊಂದು ಗುಲಾಬಿ ಹಾಕಿರೋದು ಚಂದಕ್ಕಲ್ಲ. ದ್ರಾಕ್ಷಿಗೆ ಬೂದಿ ಬರೋ ಹವಾ ಇದ್ರೆ ಮೊದ್ಲು ಗುಲಾಬೀಲಿ ಕಾಣುತ್ತೆ. ಅವು ಕಾವಲುಗಾರ್ರು. ಕಾವಲುಗಾರ್ರನ್ನ ಕಿತ್ತು ಮುಡ್ಕೊಂಡ್ರೆ ಹೆಂಗೆ?"

"ಗೊತ್ತಿರ್ಲಿಲ್ಲ. ತಪ್ಪಾಯ್ತು."

"ನೀವು ಮುಡ್ಕೊಂಡು ಬರದೇ ಇದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ. ಆ ಮೂಲೆ ಕಡೆ ನಾನು ಹೋಗೇ ಇರ್ಲಿಲ್ಲ." ಅವನು ನಕ್ಕ. ನಕ್ಕರೆ ಬೇರೆಯೇ ಮನುಷ್ಯನ ಹಾಗೆ ಕಾಣುತ್ತಿದ್ದ. "ಆದ್ರೂ ಇನ್ಮೇಲೆ ಕೀಳ್ಬೇಡಿ."

ಅವಳು ತಲೆಯಾಡಿಸಿದಳು. ಆ ಸಂಜೆ ವ್ಯಾನಿನಲ್ಲಿ ಗುಡ್ಡ ಇಳಿಯುವಾಗ ಬರಿದಾದ ಮುಡಿಯನ್ನು ಮುಟ್ಟಿಕೊಂಡು, ಹೋಗಲಿ, ಇವತ್ತು ಎಸೆಯುವ ಕಷ್ಟವಾದರೂ ತಪ್ಪಿತು ಎಂದುಕೊಂಡಳು.

ಯಾಕೆಂದರೆ ಯಶೋದಾ ಹೂ ಮುಡಿಯುವ ಹಾಗಿರಲಿಲ್ಲ. ಗಂಡ ಮೋಹನ್ ಬೀರೂರಿನ ಹತ್ತಿರ ಬೈಕ್ ಆಕ್ಸಿಡೆಂಟಿನಲ್ಲಿ ಹೋದಾಗ ಅವಳಿಗಿನ್ನೂ ಮೂವತ್ತಾಗಿರಲಿಲ್ಲ. ಸಿಂಗಟಗೆರೆಯ ತವರಿಗೆ ಹೋಗದೆ ತರೀಕೆರೆಯಲ್ಲಿ ಅತ್ತೆ ಗುರುಶಾಂತಮ್ಮನ ಜೊತೆಗೇ ಉಳಿದಳು. ಹೂ ಮುಡಿಯಬೇಡ ಎಂದು ಅತ್ತೆ ಬಾಯಿಬಿಟ್ಟು ಹೇಳಿದವರಲ್ಲ. ಬೀದಿಯಲ್ಲಿ ಮಲ್ಲಿಗೆ ಮಾರುವವಳು ಇವರ ಮನೆ ಬಂದಾಗ ಕೂಗು ನಿಲ್ಲಿಸಿ ಮುಂದೆ ಹೋಗುತ್ತಿದ್ದಳು, ಅಷ್ಟೇ. ಅಷ್ಟು ಸಾಕಾಗಿತ್ತು.

ಗುಡ್ಡದ ಮೇಲೆ ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನವೇ ಕೈ ತಡೆಯದೆ ಒಂದು ಗುಲಾಬಿ ಕಿತ್ತಿದ್ದಳು. ಸಂಜೆ ಲಿಂಗದಹಳ್ಳಿ ಸಿಗುವ ಮೊದಲಿನ ದೊಡ್ಡ ತಿರುವಿನಲ್ಲಿ ಅದನ್ನು ಕಿಟಕಿಯಿಂದ ಎಸೆದಿದ್ದಳು. ಅತ್ತೆಯ ಲೆಕ್ಕದಲ್ಲಿ ಸೊಸೆ ಹೋಗುತ್ತಿದ್ದುದು ಜ್ಯೂಸ್ ಫ್ಯಾಕ್ಟರಿಗೆ. ದಿನಾ ಲಿಂಗಪೂಜೆ ಮಾಡುವ ಮನೆಯಲ್ಲಿ ವೈನ್ ಎನ್ನುವ ಮಾತನ್ನು ಅವಳಾದರೂ ಹೇಗೆ ಆಡಿಯಾಳು?

ಮುಂದಿನ ವಾರ ಟೇಸ್ಟಿಂಗ್ ರೂಮಿನ ಮೆಟ್ಟಿಲ ಪಕ್ಕ ಒಂದು ಹಳೆಯ ಓಕ್ ಪೀಪಾಯಿ ಬಂದು ಕೂತಿತು. ಅರ್ಧಕ್ಕೆ ಕೊಯ್ದು, ಮಣ್ಣು ತುಂಬಿ, ನಡುವೆ ಒಂದು ಗುಲಾಬಿ ಗಿಡ ನೆಟ್ಟಿದ್ದರು. ಎರಡು ಮೊಗ್ಗು.

"ತರೀಕೆರೆ ನರ್ಸರೀಲಿ ತಂದೆ" ಎಂದ ಸಿದ್ದೇಶ್, ಗಿಡವನ್ನೇ ನೋಡುತ್ತ. "ಇದಕ್ಕೆ ಡ್ಯೂಟಿ ಇಲ್ಲ."

"ಮತ್ಯಾಕೆ ತಂದ್ರಿ?"

"ಮುಡ್ಕೊಳ್ಳೋಕೆ" ಎಂದವನು ಕಿವಿ ಕೆಂಪಗೆ ಮಾಡಿಕೊಂಡು ಹೊರಟುಬಿಟ್ಟ. ಅವಳು ಬಾಗಿಲ ಹಿಂದೆ ನಿಂತು ನಕ್ಕಳು. ತನ್ನ ನಗು ತನಗೇ ಕೇಳಿ ಎಷ್ಟೋ ಕಾಲವಾಗಿತ್ತು.

ಆಮೇಲೆ ಅವನು ದಿನಾ ಬೆಳಿಗ್ಗೆ ಏನಾದರೊಂದು ನೆಪ ಹಿಡಿದು ಬರತೊಡಗಿದ. ಒಂದು ದಿನ ಅವಳು ಬೆಂಗಳೂರಿನ ಗೆಸ್ಟುಗಳಿಗೆ ಲೋಟ ತಿರುಗಿಸುತ್ತ, ಇದರಲ್ಲಿ ಕಾಳುಮೆಣಸಿನ ಪರಿಮಳವಿದೆ, ನೇರಳೆಹಣ್ಣಿನ ಪರಿಮಳವಿದೆ ಎಂದು ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದ. ಅವರು ಹೋದ ಮೇಲೆ ಮೆಲ್ಲಗೆ ಕೇಳಿದ.

"ನೀವು ಯಾವತ್ತಾದ್ರೂ ಕುಡ್ದಿದ್ದೀರಾ?"

"ಶಿವನೇ! ಮೂಸಿ ನೋಡೋದಷ್ಟೇ. ನೀವು?"

"ನಮ್ಮ ಮನೇಲಿ ಬುದ್ಧನ ಪಂಚಶೀಲ. ಮುಟ್ಟಂಗಿಲ್ಲ."

"ಹಂಗಾದ್ರೆ ಈ ಗುಡ್ಡದ ಮೇಲೆ ನೆಟ್ಟಗೆ ನಡೆಯೋರು ನಾವಿಬ್ರೇ ಅನ್ನಿ."

ಅವನು ಅವಳನ್ನು ನೇರವಾಗಿ ನೋಡಿದ. "ನನಗೇನೋ ಇತ್ತೀಚೆಗೆ ನೆಟ್ಟಗೆ ನಡೆಯೋಕೆ ಆಗ್ತಿಲ್ಲ" ಎಂದ. ಅವಳು ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು.

ಪೀಪಾಯಿಯ ಗಿಡ ಒಂದು ದಿನವೂ ಮೋಸ ಮಾಡಲಿಲ್ಲ. ಬೆಳಿಗ್ಗೆ ಮುಡಿಯುತ್ತಿದ್ದಳು, ಸಂಜೆ ತಿರುವಿನಲ್ಲಿ ತೆಗೆಯುತ್ತಿದ್ದಳು. ವ್ಯಾನಿನ ಡ್ರೈವರ್ ಬೀರಪ್ಪ ಏನೂ ಕೇಳದೆ ಆ ಜಾಗದಲ್ಲಿ ಸ್ವಲ್ಪ ನಿಧಾನ ಮಾಡುತ್ತಿದ್ದ. ಹಿಂದೆ ತಿರುಗಿ ನೋಡಿದರೆ ಗುಡ್ಡದ ಮೇಲೆ ಸಿದ್ದೇಶನ ಕ್ವಾರ್ಟರ್ಸಿನ ಒಂದೇ ಒಂದು ದೀಪ. ಮನೆಯಲ್ಲಿ ಅವಳೂ ಅತ್ತೆಯೂ ಟಿವಿ ಹಚ್ಚಿಕೊಂಡು ಮುದ್ದೆ ಉಣ್ಣುತ್ತಿದ್ದರು. ಮಾತೆಲ್ಲ ಟಿವಿಯವರೇ ಆಡುತ್ತಿದ್ದರು. ಅವನೂ ಈಗ ಒಬ್ಬನೇ ಉಣ್ಣುತ್ತಿರಬೇಕು ಎಂದು ನೆನಪಾದರೆ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ದ್ರಾಕ್ಷಿ ಕಾಯಿಗೆ ಬಣ್ಣ ತಿರುಗುವ ಹೊತ್ತಿಗೆ ಅವನು ಬರುವುದನ್ನು ನಿಲ್ಲಿಸಿಬಿಟ್ಟ.

ಹಕ್ಕಿ ಹಣ್ಣು ತಿನ್ನದ ಹಾಗೆ ಸಾಲಿಗೆ ಬಲೆ ಕಟ್ಟಿಸುವ ಕೆಲಸ ಇರಬಹುದು ಎಂದುಕೊಂಡಳು. ಬಲೆ ಕಟ್ಟಿ ಮುಗಿಯಿತು. ಎದುರಿಗೆ ಸಿಕ್ಕರೆ ನಮಸ್ಕಾರ ಹಾಕಿ ಪಕ್ಕಕ್ಕೆ ಸರಿಯುತ್ತಿದ್ದ. ಕೇಳುವ ಹಕ್ಕು ತನಗೆಲ್ಲಿದೆ? ಆದರೂ ಕಿವಿ ಮೆಟ್ಟಿಲ ಮೇಲಿನ ಬೂಟಿನ ಸದ್ದಿಗೇ ಕಾಯುತ್ತಿತ್ತು. ಗಂಡ ಸತ್ತಾಗಿನ ಒಂಟಿತನ ಅವಳಿಗೆ ರೂಢಿಯಾಗಿತ್ತು. ಇದು ಬೇರೆ. ಇದು ಬದುಕಿರುವವನೊಬ್ಬ ಕೊಟ್ಟ ಒಂಟಿತನ, ಇದಕ್ಕೆ ಸಮಾಧಾನ ಹೇಳುವವರೂ ಇಲ್ಲ. ಅವಳು ಹೂ ಮುಡಿಯುವುದನ್ನು ಬಿಟ್ಟಳು. ಗುಲಾಬಿಗಳು ಗಿಡದಲ್ಲೇ ಅರಳಿ ಉದುರಿದವು.

ಕೊಯ್ಲಿನ ದಿನ ಎಲ್ಲರೂ ತೋಟಕ್ಕೆ ಇಳಿಯಬೇಕು. ಹಣ್ಣು ತಣ್ಣಗಿರುವಾಗಲೇ, ಬಿಸಿಲೇರುವ ಮೊದಲೇ ಕೊಯ್ದು ಮುಗಿಸಬೇಕು. ಬಳ್ಳಿಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತು, ಒಂದೇ ಸಾಲನ್ನು ಎರಡೂ ಬದಿಯಿಂದ ಕೊಯ್ಯುತ್ತ ಹೋಗುವುದು ಇಲ್ಲಿನ ಪದ್ಧತಿ. ನಸುಬೆಳಕಿನಲ್ಲಿ ಯಶೋದಾ ಕತ್ತರಿ ಹಿಡಿದು ಮೂಲೆಯ ಸಾಲಿಗೆ ಬಂದಳು. ಆ ಕಡೆ ಯಾರೋ ಆಗಲೇ ಶುರುಮಾಡಿದ್ದರು. ಎಲೆಗಳ ನಡುವೆ ಜರ್ಕಿನ್ನಿನ ತೋಳು ಕಂಡಿತು. ಅವಳಿಗೆ ಗುರುತು ಹತ್ತಿತು.

ಇಬ್ಬರೂ ಕೊಯ್ಯುತ್ತ ಹೋದರು. ಒಂದು ಗೊಂಚಲಿಗೆ ಎರಡೂ ಕಡೆಯಿಂದ ಕೈ ಬಂತು. ತಣ್ಣನೆಯ ಬೆರಳಿಗೆ ತಣ್ಣನೆಯ ಬೆರಳು ತಾಗಿತು. ಇಬ್ಬರೂ ತಕ್ಷಣ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಬೇಡ ಅಂತಿದ್ರೆ ಗಿಡದಲ್ಲೇ ಬಿಡಬಹುದಿತ್ತಲ್ಲ" ಎಂದಿತು ಆ ಕಡೆಯ ದನಿ.

"ಏನನ್ನ?"

"ಹೂವನ್ನ. ತಿರುವಿನಲ್ಲಿ ಸಿಗ್ನಲ್ ಸಿಗುತ್ತಲ್ಲ, ನಮ್ಮವ್ವಂಗೆ ಫೋನ್ ಮಾಡೋಕೆ ಬೈಕ್ ನಿಲ್ಸಿದ್ದೆ. ಕೆಳಗೆ ನೋಡ್ತೀನಿ, ಒಂದಾ, ಎರಡಾ! ರಾಶಿ ಬಿದ್ದವೆ. ಎಲ್ಲ ನಾನು ನೆಟ್ಟ ಗಿಡದವು. ಇಷ್ಟ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತು."

ಯಶೋದಾಳ ಕೈಯ ಕತ್ತರಿ ನಿಂತಿತು. ಎಲೆಗಳು ನಡುವೆ ಇದ್ದದ್ದು ಒಳ್ಳೆಯದಾಯಿತು. ಮುಖ ಕಂಡಿದ್ದರೆ ಅವಳಿಂದ ಹೇಳಲಾಗುತ್ತಿರಲಿಲ್ಲ.

"ನನ್ನ ಗಂಡ ಇಲ್ಲ" ಎಂದಳು. "ಹೂ ಮುಡ್ಕೊಂಡು ನಾನು ಮನೆಗೆ ಹೋಗಂಗಿಲ್ಲ ಸಿದ್ದೇಶ್. ಆ ತಿರುವಿನತಂಕ ಮಾತ್ರ ನನಗೆ ಹೂವು. ಪ್ರತಿ ಸಲ ಎಸೆಯುವಾಗ ಕೈ ಬರ್ತಿರ್ಲಿಲ್ಲ."

ಆ ಕಡೆ ಒಂದು ಗೊಂಚಲು ಬುಟ್ಟಿಗೆ ಬಿತ್ತು. ಆಮೇಲೆ ಅವನು ಹೇಳಿದ.

"ನಮ್ಮಪ್ಪ ನಾನು ಸಣ್ಣೋನಿದ್ದಾಗಲೇ ಹೋದ್ರು. ಹಿರೇನಲ್ಲೂರಲ್ಲಿ ನಮ್ಮವ್ವ ಹಾಲಮ್ಮ ಬುದ್ಧನ ಫೋಟೋಕ್ಕೆ ಹೂ ಇಟ್ಟು, ಮಿಕ್ಕಿದ್ದನ್ನ ತಾನೇ ಮುಡ್ಕೊಂತಾಳೆ. ಮೊದ್ಲು ಊರೋರು ಏನೇನೋ ಅಂದ್ರು. ಅವಳು ಮುಡ್ಕೊಳ್ಳೋದು ಬಿಡ್ಲಿಲ್ಲ, ಅನ್ನೋರೇ ಅನ್ನೋದು ಬಿಟ್ರು." ಅವನ ದನಿ ತಗ್ಗಿತು. "ನನಗೆ ನೀವು ಇಷ್ಟ ಕಣ್ರೀ. ಅವತ್ತು ಬೂದಿ ಹತ್ತಿದ ಹೂ ಮುಡ್ಕೊಂಡು ನನ್ನ ಬೈಯೋಕೆ ತಿರುಗಿದ್ರಲ್ಲ, ಅವತ್ತಿಂದ."

"ನನಗೂ ಇಷ್ಟ." ಅವಳ ಕಣ್ಣು ತುಂಬಿಕೊಂಡಿತ್ತು. "ಆದ್ರೆ ತಿರುವಿನಿಂದ ಕೆಳಗೆ ಆ ಮಾತು ನಡೆಯಲ್ಲ."

"ಅಲ್ಲೀತಂಕ ಮಾತ್ರ ನಡೆಯೋ ಇಷ್ಟ ನನಗೆ ಸಾಲಲ್ಲ, ಯಶೋದಾ. ಒತ್ತಾಯ ಇಲ್ಲ. ಕಾಯ್ತೀನಿ."

ಸಂಜೆ ಮೆಟ್ಟಿಲಿಳಿಯುವಾಗ ಅವಳು ಪೀಪಾಯಿಯ ಮುಂದೆ ನಿಂತಳು. ಬೆಳಿಗ್ಗೆಯಲ್ಲ, ಮನೆಗೆ ಹೊರಟ ಹೊತ್ತಿನಲ್ಲಿ ಒಂದು ಗುಲಾಬಿ ಕಿತ್ತು ಮುಡಿದಳು.

ತಿರುವು ಬಂತು. ಬೀರಪ್ಪ ರೂಢಿಯಂತೆ ನಿಧಾನ ಮಾಡಿದ. ಕಿಟಕಿಯ ಗಾಜು ಸರಿಯಲಿಲ್ಲ. ಅವನು ಕನ್ನಡಿಯಲ್ಲಿ ನೋಡಿದ.

"ಇವತ್ತು ಇಲ್ವಾ, ತಾಯಿ?"

"ಇಲ್ಲ ಬೀರಪ್ಪಣ್ಣ. ಹೋಗಿ."

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ತಲೆ ಮೇಲೆ ಸೆರಗು ಎಳೆದುಕೊಳ್ಳದೆ ನಡೆದಳು. ಬೀದಿಯಲ್ಲಿ ನೋಡಿದವರು ನೋಡಿದರು. ಗುರುಶಾಂತಮ್ಮ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ತಲೆಯೆತ್ತಿದರು. ಕಣ್ಣು ಮುಡಿಗೆ ಹೋಯಿತು, ಅಲ್ಲೇ ನಿಂತಿತು.

"ಜ್ಯೂಸ್ ಫ್ಯಾಕ್ಟರೀಲಿ ಗುಲಾಬೀನೂ ಬೆಳೀತಾರಾ?"

"ಜ್ಯೂಸ್ ಫ್ಯಾಕ್ಟರಿ ಅಲ್ಲ ಅತ್ತೆ. ವೈನು."

"ಅದು ಗೊತ್ತು. ನಿನ್ನ ಸೀರೆ ನೆನೆ ಹಾಕೋಳು ನಾನೇ ಅಲ್ವೇನೇ, ವಾಸನೆ ಗೊತ್ತಾಗಲ್ವಾ." ಮೊರದಲ್ಲಿ ಬೆರಳು ಆಡುತ್ತಲೇ ಇತ್ತು. "ಕೊಟ್ಟೋರು ಯಾರು?"

"ಸಿದ್ದೇಶ್ ಅಂತ. ತೋಟ ನೋಡ್ಕೊಂತಾರೆ."

"ಯಾರ ಪೈಕಿ?"

"ಅವರ ಮನೇಲಿ ಬುದ್ಧನ ಫೋಟೋ ಐತೆ ಅತ್ತೆ."

ಯಾವ ಕೇರಿಯವನೆಂದು ಗುರುಶಾಂತಮ್ಮನಿಗೆ ಅರ್ಥವಾಯಿತು. ಮೊರ ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ ಟಿವಿ ಹಚ್ಚಲಿಲ್ಲ. ಮಗನ ಫೋಟೋದ ಕೆಳಗೆ ಗೋಡೆಗೊರಗಿ ಕೂತರು, ಉಣ್ಣಲಿಲ್ಲ. ಯಶೋದಾಳೂ ಉಣ್ಣಲಿಲ್ಲ. ಹೂವನ್ನು ತೆಗೆಯಲೂ ಇಲ್ಲ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಹಿಂದೆ ಬಂದರು. ಬಾಡಿದ ಗುಲಾಬಿಯನ್ನು ತಾವೇ ಮುಡಿಯಿಂದ ಬಿಡಿಸಿದರು.

"ಇದು ಬಾಡೈತೆ" ಎಂದರು ಗುರುಶಾಂತಮ್ಮ. ಅತ್ತು ಅತ್ತು ದನಿ ಒಡೆದಿತ್ತು. "ಬರುವಾಗ ಎರಡು ತಾ. ಒಂದು ನಮ್ಮ ಮೋಹನಂಗೆ. ಆ ಪ್ಲಾಸ್ಟಿಕ್ ಹಾರ ನೋಡಿ ನೋಡಿ ಸಾಕಾಗೈತೆ."

ಎರಡನೆಯದು ಯಾರಿಗೆಂದು ಅವರು ಹೇಳಲಿಲ್ಲ. ಸೊಸೆಯ ಜಡೆಯನ್ನು ಒಮ್ಮೆ ಸರಿಮಾಡಿ ಒಳಗೆ ಹೋದರು.

ಗುಡ್ಡದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸಿದ್ದೇಶ್ ಪೀಪಾಯಿಯ ಗಿಡಕ್ಕೆ ನೀರು ಹಾಕುತ್ತಿದ್ದ. ಅವಳ ಬರಿಯ ಮುಡಿ ನೋಡಿ ಅವನ ಮುಖ ಸಣ್ಣದಾಯಿತು.

"ಇವತ್ತಿಂದ ಎರಡು ಬೇಕಂತೆ" ಎಂದಳು ಯಶೋದಾ.

"ಎರಡಾ? ಇನ್ನೊಂದು ಯಾರಿಗೆ?"

"ಮೋಹನ್‌ಗೆ. ಫೋಟೋಕ್ಕೆ. ಅತ್ತೆ ಹೇಳಿದ್ರು."

ಅವನು ನೀರಿನ ಕ್ಯಾನನ್ನು ಕೆಳಗಿಟ್ಟ. ಗಿಡದಲ್ಲಿ ಮೂರು ಹೂ ಅರಳಿದ್ದವು. ಬಹಳ ಹೊತ್ತು ನೋಡಿದ. ಎಲ್ಲಕ್ಕಿಂತ ದೊಡ್ಡದನ್ನು ತೊಟ್ಟು ಉದ್ದ ಬಿಟ್ಟು ಕತ್ತರಿಸಿ, ಹಸಿರು ಕತ್ತಿನಲ್ಲಿ ಬೂದಿ ಇದೆಯೇ ಎಂದು ತಿರುಗಿಸಿ ನೋಡಿ, ಅವಳ ಕೈಗಿಟ್ಟ.

"ಇದು ಅವ್ರಿಗೆ" ಎಂದ. "ನಿಮಗೆ ಚಿಕ್ಕದು. ನಡೆಯುತ್ತಾ?"

ಯಶೋದಾ ಅವನ ಕಡೆ ಬೆನ್ನು ತಿರುಗಿಸಿ, ತಲೆ ತುಸು ಬಗ್ಗಿಸಿ ನಿಂತಳು.